ಕರಾವಳಿ ರಜೆಗೆ ರೆಸಿಸ್ಟೆನ್ಸ್ ಬ್ಯಾಂಡ್: ಐದು ಟ್ಯೂಬಿನ ಸೆಟ್ ಬಿಡಿ, ಎರಡು ಲೂಪ್ ಒಯ್ಯಿರಿ

ಗೋಕರ್ಣ, ಕುಮಟಾ, ಕಾರವಾರದ ಕಡೆ ನಾಲ್ಕೈದು ದಿನ ರಜೆಗೆ ಬರುವವರು ಕಾಲಿನ ವ್ಯಾಯಾಮಕ್ಕೆಂದು ಏನನ್ನೂ ಹೊತ್ತು ತರಬೇಕಿಲ್ಲ. ಗೋಕರ್ಣದ ಕುಡ್ಲೆ ಬೀಚಿನಿಂದ ಓಂ ಬೀಚ್, ಅಲ್ಲಿಂದ ಹಾಫ್ ಮೂನ್, ಮುಂದೆ ಪ್ಯಾರಡೈಸ್ ತನಕ ಗುಡ್ಡ ಹತ್ತಿ ಇಳಿದರೆ ತೊಡೆಗೂ ಮೀನಖಂಡಕ್ಕೂ ಬೇಕಾದಷ್ಟಾಯಿತು. ಯಾಣದಲ್ಲಿ 120 ಮೀಟರ್ ಎತ್ತರದ ಭೈರವೇಶ್ವರ ಶಿಖರದ ಬುಡಕ್ಕೆ ಹತ್ತುವ ಮೆಟ್ಟಿಲುಗಳೂ ಅದೇ ಕೆಲಸ ಮಾಡಿಸುತ್ತವೆ. ಕಾರವಾರದ ಟಾಗೋರ್ ಕಡಲತೀರದ ಒಣ ಉಸುಕಿನ ಮೇಲೆ ನಡೆದರಂತೂ, ಗಟ್ಟಿ ನೆಲದಲ್ಲಿ ಅದೇ ವೇಗದಲ್ಲಿ ನಡೆಯುವುದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಶಕ್ತಿ ಖರ್ಚಾಗುತ್ತದೆ. ಹೆಜ್ಜೆ ಊರಿದಾಗಲೆಲ್ಲ ಉಸುಕು ಜಾರುತ್ತದೆ, ಕಾಲು ಕೊಟ್ಟ ಬಲದ ಒಂದು ಪಾಲು ಅದನ್ನು ಸರಿಸುವುದಕ್ಕೇ ಹೋಗುತ್ತದೆ.

ಸಿಗದೆ ಹೋಗುವುದು ಎಳೆತ. ಬಾವಿಯಿಂದ ಕೊಡಪಾನ ಸೇದುತ್ತಿದ್ದ ಕಾಲದಲ್ಲಿ ಈ ಊರಿನ ಮನೆಗಳಲ್ಲಿ ಬೆನ್ನು, ತೋಳು, ಮುಷ್ಟಿಗೆ ಬೆಳಗಾಗುತ್ತಲೇ ಕೆಲಸ ಸಿಗುತ್ತಿತ್ತು. ಈಗ ಪಂಪು ನೀರೆತ್ತುತ್ತದೆ. ರಜೆಯವರ ಪಾಡು ಇನ್ನೂ ಒಂದು ಕೈ ಮುಂದೆ. ಬೆಂಗಳೂರಿನಿಂದ ರಾತ್ರಿಯಿಡೀ ಬಸ್ಸಿನಲ್ಲಿ ಮುದುಡಿಕೊಂಡು ಬಂದು, ಆಮೇಲೆ ಕಾರಿನಲ್ಲಿ ಕೂತು, ಸಂಜೆ ಮೊಬೈಲಿನ ಮೇಲೆ ಬಾಗುತ್ತಾರೆ. ಎದೆಯ ಸ್ನಾಯು ಬಿಗಿದು, ಹೆಗಲು ಮುಂದಕ್ಕೆ ಬಂದು, ಕತ್ತಿನ ಹಿಂಭಾಗ ಕಲ್ಲಾಗುತ್ತದೆ. ನಡಿಗೆ ಅದನ್ನು ಬಿಡಿಸುವುದಿಲ್ಲ, ಹಿಂದಕ್ಕೆ ಎಳೆಯುವ ಕೆಲಸವೇ ಬೇಕು. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷದ ಮಧ್ಯಮ ಚಟುವಟಿಕೆ, ಜೊತೆಗೆ ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ. ಮೊದಲನೆಯದು ಈ ದಂಡೆಯಲ್ಲಿ ಎರಡೇ ದಿನಕ್ಕೆ ಮುಗಿಯುತ್ತದೆ. ಎರಡನೆಯದಕ್ಕೆ ರೆಸಿಸ್ಟೆನ್ಸ್ ಬ್ಯಾಂಡ್, ಅಂದರೆ ಎಳೆದಷ್ಟೂ ಬಿಗಿಯಾಗುವ ರಬ್ಬರಿನ ಪಟ್ಟಿ ಅಥವಾ ಕೊಳವೆ ಬೇಕು, ಅದರಲ್ಲೂ ಎಳೆತಕ್ಕಾಗಿ. ಈ ವಿಮರ್ಶೆ ಆ ಒಂದು ಕೆಲಸವನ್ನೇ ಮುಂದಿಟ್ಟುಕೊಂಡು ಬರೆದದ್ದು.

ಅಂಗಡಿಯಲ್ಲೂ ಆನ್‌ಲೈನಿನಲ್ಲೂ ಹೆಚ್ಚು ಕಾಣುವುದು ಐದು ಬಣ್ಣದ ಟ್ಯೂಬಿನ ಸೆಟ್. ಬೇರೆ ಬೇರೆ ಹೆಸರಿನಲ್ಲಿ ಬಂದರೂ ಒಳಗಿರುವುದು ಬಹುಪಾಲು ಒಂದೇ: ಸುಮಾರು 1.2 ಮೀಟರ್ ಉದ್ದದ ಲ್ಯಾಟೆಕ್ಸಿನ, ಅಂದರೆ ಸಹಜ ರಬ್ಬರಿನ ಐದು ಕೊಳವೆ, ಎರಡು ಹಿಡಿಕೆ, ಬಾಗಿಲಿಗೆ ಸಿಕ್ಕಿಸುವ ಪಟ್ಟಿ, ಕಾಲಿಗೆ ಕಟ್ಟುವ ಎರಡು ಪಟ್ಟಿ, ಒಂದು ಬಟ್ಟೆಚೀಲ. ಟ್ಯೂಬಿನ ತುದಿಗಳಲ್ಲಿ ಉಕ್ಕಿನ ಕೊಕ್ಕೆಗಳಿದ್ದು, ಅವನ್ನು ಹಿಡಿಕೆಯ ಉಂಗುರಕ್ಕೆ ಸಿಕ್ಕಿಸಬೇಕು. ಊರಿನ ಮನೆಯಲ್ಲಿ ಬಳಸಲು ಇದು ಒಳ್ಳೆಯ ಸಾಮಾನು. ಹಿಡಿಕೆ ಕೈಗೆ ಹಿತ, ಎರಡೂ ಕೈಯಲ್ಲಿ ಒಟ್ಟಿಗೆ ಎಳೆಯಬಹುದು, ಎರಡು ಟ್ಯೂಬ್ ಸೇರಿಸಿ ಭಾರ ಏರಿಸಬಹುದು. ಶಿರಸಿಯಂಥ ಘಟ್ಟದ ಮೇಲಿನ ಊರಿನಲ್ಲಿ ವಾರ ಕಳೆಯುವವರಿಗೂ ಅಡ್ಡಿಲ್ಲ. ಕಡಲಿಗೆ ಒಯ್ದರೆ ತೊಂದರೆ ಶುರುವಾಗುವುದು ಆ ಕೊಕ್ಕೆಗಳಲ್ಲಿ.

ಕೊಕ್ಕೆಯನ್ನು ಹತ್ತಿರದಿಂದ ನೋಡಿ. ಒಳಗೊಂದು ಸಣ್ಣ ಸ್ಪ್ರಿಂಗ್, ಅದರ ಒತ್ತಡದಲ್ಲಿ ಮುಚ್ಚಿಕೊಳ್ಳುವ ನಾಲಗೆ. ಸಮುದ್ರದ ಗಾಳಿಯ ಉಪ್ಪು ಮೊದಲು ಕೂರುವುದು ಆ ನಾಲಗೆಯ ಸಂದಿಯಲ್ಲಿ. ಮೇಲಿನ ಲೇಪ ತೆಳ್ಳಗಿದ್ದರೆ ಕೆಲವೇ ದಿನಗಳಲ್ಲಿ ಕಂದು ಚುಕ್ಕಿ ಮೂಡುತ್ತದೆ, ಆಮೇಲೆ ನಾಲಗೆ ಪೂರ್ತಿ ಮುಚ್ಚದೆ ಕೂದಲೆಳೆಯಷ್ಟು ತೆರೆದೇ ನಿಲ್ಲುತ್ತದೆ. ಎಳೆಯುವಾಗ ಏನೂ ಆಗುವುದಿಲ್ಲ. ಸಡಿಲ ಬಿಟ್ಟು ಮತ್ತೆ ಎಳೆಯುವ ಕ್ಷಣದಲ್ಲಿ ಉಂಗುರ ಆ ಸಂದಿಯಿಂದ ಜಾರಿ ಹೊರಬಂದರೆ ಕೊಕ್ಕೆ ಸಮೇತ ರಬ್ಬರು ಮುಖಕ್ಕೆ ಬಡಿಯುತ್ತದೆ. ತುಕ್ಕು ಬಿಡಿಸಲು ಕೈಗೆ ಸಿಗುವ ತೆಂಗಿನೆಣ್ಣೆ ಹಚ್ಚುವವರಿದ್ದಾರೆ, ಅದು ಇನ್ನೂ ಅಪಾಯ: ಎಣ್ಣೆ ಹರಿದು ಲ್ಯಾಟೆಕ್ಸಿಗೆ ತಾಗಿದರೆ ರಬ್ಬರು ಉಬ್ಬಿ ಮೆತ್ತಗಾಗುತ್ತದೆ, ಬಲ ಕಳೆದುಕೊಳ್ಳುತ್ತದೆ. ಟ್ಯೂಬ್ ಸೆಟ್ಟೇ ಬೇಕೆನ್ನುವವರು ಕೊಕ್ಕೆಗೆ ಮೇಣದಬತ್ತಿಯ ತುಂಡು ಉಜ್ಜಲಿ. ಒಣಗಿದ ಮೇಣ ಹರಿಯುವುದಿಲ್ಲ.

ಟ್ಯೂಬಿನ ಎರಡನೇ ದೋಷ ಒಳಗಿನದು. ಕೊಳವೆ ತುದಿಯಲ್ಲಿ ಮಡಚಿಕೊಂಡು ಒಂದು ಗುಂಡಿಯ ಸುತ್ತ ಬಿಗಿದಿರುತ್ತದೆ, ಹರಿಯುವುದು ಹೆಚ್ಚಾಗಿ ಅಲ್ಲಿಯೇ. ಅಲ್ಲಿ ಬಟ್ಟೆಯ ಹೊದಿಕೆ ಇದ್ದರೆ ಬಿರುಕು ಕಣ್ಣಿಗೆ ಬೀಳುವುದೇ ಇಲ್ಲ. ಲೂಪ್ ಬ್ಯಾಂಡ್ ಎಂದರೆ ಬಳೆಯಂತೆ ಸುತ್ತು ಕೂಡಿದ ಚಪ್ಪಟೆ ರಬ್ಬರು ಪಟ್ಟಿ. ಅದರಲ್ಲಿ ಕೊಕ್ಕೆಯಿಲ್ಲ, ಗುಂಡಿಯಿಲ್ಲ, ತುದಿಯೇ ಇಲ್ಲ. ಇಡೀ ರಬ್ಬರು ಎದುರಿಗಿದೆ, ಎಲ್ಲಿ ಕೆಟ್ಟರೂ ಕಾಣುತ್ತದೆ. ಕರಾವಳಿಗೆ ಅದನ್ನೇ ಆರಿಸುವುದಕ್ಕೆ ಇಷ್ಟು ಕಾರಣ ಸಾಕು.

ಕೊಳ್ಳುವಾಗ ನೋಡಬೇಕಾದದ್ದು ಹೀಗೆ. ಪಟ್ಟಿಯನ್ನು ನೆಲದ ಮೇಲೆ ಚಪ್ಪಟೆಯಾಗಿ ಹಾಸಿದರೆ 41 ಇಂಚು, ಅಂದರೆ 104 ಸೆಂಟಿಮೀಟರ್ ಉದ್ದವಿರುವುದನ್ನೇ ತೆಗೆದುಕೊಳ್ಳಿ; ಕಾಲಿಗೆ ಹಾಕುವ ಗಿಡ್ಡ ಲೂಪ್ ಬೇರೆ, ಅದು ಎಳೆತಕ್ಕೆ ಬರುವುದಿಲ್ಲ. ಅಗಲ 13 ಮಿಲಿಮೀಟರಿನದು ಒಂದು, 21 ಮಿಲಿಮೀಟರಿನದು ಒಂದು. ಎರಡೂ ಸೇರಿ ತೂಕ ಸುಮಾರು 300 ಗ್ರಾಂ, ಸುತ್ತಿಟ್ಟರೆ ಎರಡು ಮುಷ್ಟಿಯಷ್ಟು ಜಾಗ. ದಿನವೂ ಜಿಮ್ಮಿಗೆ ಹೋಗುವ ಗಟ್ಟಿಗರು 32 ಮಿಲಿಮೀಟರಿನದನ್ನೂ ಸೇರಿಸಿಕೊಳ್ಳಬಹುದು. ಜೊತೆಗೆ ಬಾಗಿಲ ಪಟ್ಟಿ ಬಿಡಿಯಾಗಿಯೇ ಸಿಗುತ್ತದೆ. ಅಂಚನ್ನು ಬೆಳಕಿಗೆ ಹಿಡಿದು ನೋಡಿದಾಗ ಪದರ ಪದರವಾಗಿ ಅಂಟಿಸಿದ ಗೆರೆ ಕಂಡರೆ ಒಳ್ಳೆಯದು. ಅಂಥದ್ದರಲ್ಲಿ ಹರಿದರೂ ಮೊದಲು ಒಂದು ಪದರ ಏಳುತ್ತದೆ, ಎಚ್ಚರಿಕೆ ಸಿಗುತ್ತದೆ. ಒಂದೇ ಅಚ್ಚಿನಲ್ಲಿ ಎರಕ ಹೊಯ್ದದ್ದು ಸೂಚನೆಯಿಲ್ಲದೆ ಹರಿಯಬಹುದು.

ಲೇಬಲ್ಲಿನ ಭಾರದ ಅಂಕಿಯನ್ನು ನಂಬಿ ಕೊಳ್ಳಬೇಡಿ. ಬಹುತೇಕ ಎಲ್ಲವೂ ಪೌಂಡಿನಲ್ಲಿರುತ್ತದೆ, 1 ಪೌಂಡ್ ಎಂದರೆ 454 ಗ್ರಾಂ. ಅದಕ್ಕಿಂತ ಮುಖ್ಯ, ರಬ್ಬರಿಗೆ ಡಂಬೆಲ್ಲಿನಂತೆ ಒಂದೇ ತೂಕ ಇರುವುದಿಲ್ಲ, ಎಳೆದಷ್ಟೂ ಏರುತ್ತದೆ. 20 ಪೌಂಡ್ ಎಂದು ಬರೆದರೆ ಎಷ್ಟು ಉದ್ದಕ್ಕೆ ಎಳೆದಾಗ 20 ಎಂಬುದನ್ನೂ ಬರೆಯಬೇಕು, ಇಲ್ಲವಾದರೆ ಆ ಅಂಕಿಗೆ ಅರ್ಥವಿಲ್ಲ. ಬಣ್ಣವೂ ಹಾಗೆಯೇ, ಒಂದು ಕಂಪನಿಯ ಕೆಂಪು ಇನ್ನೊಂದರ ಹಸಿರಿಗೆ ಸಮವಿರಬಹುದು. ಸೂಟ್‌ಕೇಸ್ ತೂಗುವ ಕೊಕ್ಕೆಯ ತಕ್ಕಡಿ ಮನೆಯಲ್ಲಿದ್ದರೆ ಬ್ಯಾಂಡನ್ನು ಅದಕ್ಕೆ ಸಿಕ್ಕಿಸಿ, ಎರಡು ಪಟ್ಟು ಉದ್ದಕ್ಕೆ ನಿಧಾನವಾಗಿ ಎಳೆದು, ತೋರಿದ ಕಿಲೋವನ್ನು ಬ್ಯಾಂಡಿನ ಮೇಲೆ ಪೆನ್ನಿನಲ್ಲಿ ಬರೆದಿಟ್ಟುಕೊಳ್ಳಿ. ಆರು ತಿಂಗಳ ನಂತರ ಮತ್ತೆ ತೂಗಿದಾಗ ಅಂಕಿ ಗಣನೀಯವಾಗಿ ಇಳಿದಿದ್ದರೆ ರಬ್ಬರು ಸುಸ್ತಾಗಿದೆ ಎಂದೇ ಲೆಕ್ಕ.

ಇನ್ನು ಬಾಗಿಲು. ಬ್ಯಾಂಡ್ ಒಳ್ಳೆಯದಿದ್ದೂ ಕೆಲಸ ಕೆಡುವುದು ಹೆಚ್ಚಾಗಿ ಇಲ್ಲಿ, ಆದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳಬೇಕು. ಬಾಗಿಲ ಪಟ್ಟಿಯ ಒಂದು ತುದಿಯಲ್ಲಿ ಫೋಮ್ ಸುತ್ತಿದ ಗುಂಡಿಯಿರುತ್ತದೆ. ಅದನ್ನು ಬಾಗಿಲಿನ ಆಚೆ ಬದಿಗೆ ಹಾಕಿ, ಪಟ್ಟಿಯನ್ನು ಸಂದಿಯಲ್ಲಿ ಈಚೆಗೆ ತಂದು, ಬಾಗಿಲು ಮುಚ್ಚಬೇಕು. ನಿಲ್ಲಬೇಕಾದದ್ದು ಬಾಗಿಲನ್ನು ದೂಡಿ ತೆರೆಯುವ ಕಡೆ. ಆಗ ನೀವು ಎಳೆದಷ್ಟೂ ಕದ ಚೌಕಟ್ಟಿಗೆ ಒತ್ತಿಕೊಳ್ಳುತ್ತದೆ. ನಿಮ್ಮ ಕಡೆಗೇ ತೆರೆಯುವ ಬಾಗಿಲಾದರೆ ಇಡೀ ಎಳೆತವನ್ನು ಚಿಲಕವೊಂದೇ ಹೊರಬೇಕು, ಅದು ಕಿತ್ತರೆ ಕದವೇ ಮೈಮೇಲೆ ಬರುತ್ತದೆ. ಹೋಮ್‌ಸ್ಟೇ ಕೋಣೆಗಳ ಬಾಗಿಲು ಸಾಮಾನ್ಯವಾಗಿ ಒಳಕ್ಕೆ ತೆರೆಯುವುದರಿಂದ ನಿಲ್ಲಲು ಸರಿಯಾದ ಜಾಗ ಕೋಣೆಯ ಹೊರಗೆ, ಜಗಲಿಯಲ್ಲಿ. ಗಾಳಿಯೂ ಅಲ್ಲೇ ಚೆನ್ನಾಗಿರುತ್ತದೆ.

ಹಳೆಯ ಮನೆಗಳ ಎರಡು ಪಡಿಯ ಬಾಗಿಲಿನಲ್ಲಿ ನಡುವಿನ ಸಂದಿಗೆ ಪಟ್ಟಿ ಸಿಕ್ಕಿಸುವ ತಪ್ಪು ಮಾಡಬೇಡಿ. ಎರಡೂ ಪಡಿ ಅಲುಗಾಡುತ್ತವೆ, ಅಗುಳಿ ಸಡಿಲವಿರುತ್ತದೆ. ಬಿಜಾಗರಿ ಇರುವ ಬದಿಯ ಸಂದಿಯೇ ಗಟ್ಟಿ, ಅದೂ ಬಿಜಾಗರಿಗೆ ಆದಷ್ಟು ಹತ್ತಿರದಲ್ಲಿ. ಹೊಸ್ತಿಲು ಎತ್ತರವಿರುವ ಮನೆಯಲ್ಲಿ ಕೆಳಗಿನ ಸಂದಿ ಸಿಗುವುದಿಲ್ಲ. ಬಾಗಿಲು ಗಿಡ್ಡವಿದ್ದರೆ ಮೇಲಿನಿಂದ ಕೆಳಕ್ಕೆ ಎಳೆಯುವ ವ್ಯಾಯಾಮವನ್ನು ಮೊಣಕಾಲೂರಿ ಮಾಡಬೇಕಾಗುತ್ತದೆ, ಅದರಿಂದ ಏನೂ ಕೊರತೆಯಿಲ್ಲ. ಮಳೆಗಾಲದಲ್ಲಿ ಮರ ಉಬ್ಬಿ ಕದ ಪೂರ್ತಿ ಮುಚ್ಚದಿದ್ದರೆ ಆ ಬಾಗಿಲನ್ನು ಬಿಟ್ಟುಬಿಡಿ. ಸ್ನಾನದ ಮನೆಯ ಪಿವಿಸಿ ಬಾಗಿಲು, ಗಾಜಿನ ಸರಿಸುವ ಬಾಗಿಲು ಯಾವ ಕಾಲಕ್ಕೂ ಬೇಡ. ಸಿಕ್ಕಿಸುವ ಮೊದಲು ಮನೆಯವರನ್ನು ಒಂದು ಮಾತು ಕೇಳಿ; “ಬಾಗಿಲಿಗೆ ಪಟ್ಟಿ ಹಾಕಿ ಸ್ವಲ್ಪ ವ್ಯಾಯಾಮ ಮಾಡ್ಲಾ?” ಅಂದರೆ “ಅಡ್ಡಿಲ್ಲ, ಮಾಡಿ” ಅನ್ನುತ್ತಾರೆ. ಕೇಳುವುದು ಮರ್ಯಾದೆಗೆ ಮಾತ್ರವಲ್ಲ, ನೀವು ಎಳೆಯುವ ಹೊತ್ತಿಗೆ ಮಕ್ಕಳು ಆಚೆಯಿಂದ ಬಾಗಿಲು ತೆಗೆದರೆ ಗುಂಡಿ ಹಾರಿ ಬಂದು ಕಣ್ಣಿಗೆ ಹೊಡೆಯುತ್ತದೆ. ಅಗುಳಿ ಹಾಕಿಯೇ ಶುರುಮಾಡಿ.

ಬಾಗಿಲು ಸರಿಬಾರದಿದ್ದರೆ ಕಂಬ. ಜಗಲಿಯ ನುಣುಪಾದ ದುಂಡು ಮರದ ಕಂಬ ಎಲ್ಲಕ್ಕಿಂತ ಒಳ್ಳೆಯದು. ಸಿಮೆಂಟು ಗಿಲಾವು ಮಾಡದ ಚಿರೇಕಲ್ಲಿನ ಕಂಬಕ್ಕೆ ಮಾತ್ರ ಬ್ಯಾಂಡ್ ನೇರವಾಗಿ ಸುತ್ತಬಾರದು. ಅದರ ತೂತು ತೂತಾದ ಅಂಚು ರಬ್ಬರನ್ನು ಅರದಂತೆ ಉಜ್ಜುತ್ತದೆ, ಮೊದಲ ದಿನವೇ ಸಣ್ಣ ಸೀಳು ಬಿದ್ದಿರುತ್ತದೆ. ದಪ್ಪ ಟವೆಲನ್ನು ಎರಡು ಸುತ್ತು ಹಾಕಿ ಅದರ ಮೇಲೆ ಬ್ಯಾಂಡ್ ಬರಲಿ. ಕಿಟಕಿಯ ಸರಳು ದುಂಡಗೆ, ದಪ್ಪಗೆ ಇದ್ದರೆ ಆಗಬಹುದು. ಬುಡದಲ್ಲಿ ಬಣ್ಣ ಉಬ್ಬಿದ್ದರೆ ಒಳಗೆ ತುಕ್ಕು ತಿಂದಿದೆ ಎಂದರ್ಥ, ಅದನ್ನು ಎಳೆಯಬೇಡಿ. ತೆಂಗಿನ ಮರಕ್ಕೆ ಬಲವಿದೆ, ಆದರೆ ಕಾಂಡ ಒರಟು, ಮೇಲಾಗಿ ಕಾಯಿಯ ಕೆಳಗೆ ಇಪ್ಪತ್ತು ನಿಮಿಷ ನಿಲ್ಲುವುದು ಸರಿಯಲ್ಲ. ಅಡಿಕೆ ಮರಕ್ಕೆ ಕಟ್ಟಬೇಡಿ. ಅದು ತೋಟದವರ ಫಸಲು, ಎಳೆದರೆ ತೂಗಾಡುತ್ತದೆ.

ವ್ಯಾಯಾಮ ಇಷ್ಟೇ ಸಾಕು. ಬಾಗಿಲ ಪಟ್ಟಿಯನ್ನು ಹೊಕ್ಕುಳ ಎತ್ತರಕ್ಕೆ ಸಿಕ್ಕಿಸಿ, 21 ಮಿಲಿಮೀಟರಿನ ಲೂಪನ್ನು ಅದರ ಕುಣಿಕೆಯೊಳಗೆ ತೂರಿಸಿ, ಅದರ ಒಂದು ತುದಿ ಇನ್ನೊಂದರೊಳಗಿಂದ ಬರುವಂತೆ ಗಂಟಾಗಿಸಿ. ತುದಿ ಹಿಡಿದು ರಬ್ಬರು ನೆಟ್ಟಗಾಗುವ ತನಕ ಹಿಂದೆ ಸರಿದು, ಅಲ್ಲಿಂದ ಇನ್ನೊಂದು ಹೆಜ್ಜೆ ಹಿಂದಕ್ಕೆ ಹೋಗಿ. ಒಂದು ಕೈಯಲ್ಲಿ ಎಳೆಯಿರಿ. ಮೊದಲು ಬೆನ್ನಿನ ಹೆಗಲೆಲುಬು ಹಿಂದೆ ಸರಿಯಬೇಕು, ಆಮೇಲೆ ಮೊಣಕೈ ಪಕ್ಕೆ ಸವರಿಕೊಂಡು ಬರಬೇಕು. ಒಂದು ಎಣಿಕೆಗೆ ಎಳೆತ, ಒಂದು ಎಣಿಕೆ ಅಲ್ಲೇ ನಿಲುಗಡೆ, ಮೂರು ಎಣಿಕೆಗೆ ವಾಪಸು. ಬಹಳ ಜನ ಎಳೆದು ಫಟ್ಟನೆ ಬಿಟ್ಟುಬಿಡುತ್ತಾರೆ. ಅರ್ಧ ಲಾಭ ಆ ಮೂರು ಎಣಿಕೆಯಲ್ಲಿದೆ, ಗಂಟು ಜಾರದಿರುವುದೂ ಅದರಿಂದಲೇ. ಪ್ರತಿ ಕೈಗೆ 12ರಿಂದ 15. ಕೊನೆಯ ಎರಡು ಕಷ್ಟವಾಗಬೇಕು. ಸುಲಭವಾದರೆ ಅರ್ಧ ಹೆಜ್ಜೆ ಹಿಂದೆ ಹೋಗಿ, ಸೊಂಟ ತಿರುಗಿಸಿ ಎಳೆಯುವಂತಾದರೆ ಅರ್ಧ ಹೆಜ್ಜೆ ಮುಂದೆ ಬನ್ನಿ. ಈ ಅರ್ಧ ಹೆಜ್ಜೆಯ ಹೊಂದಾಣಿಕೆ ಬ್ಯಾಂಡಿನ ದೊಡ್ಡ ಗುಣ.

ಎರಡನೆಯದಕ್ಕೆ ಪಟ್ಟಿಯನ್ನು ಬಾಗಿಲ ಮೇಲ್ತುದಿಗೆ ಸಿಕ್ಕಿಸಿ, ಲೂಪನ್ನು ಅರ್ಧಕ್ಕೆ ತೂರಿಸಿ ಎರಡು ಕೊನೆಗಳನ್ನು ಎರಡು ಕೈಯಲ್ಲಿ ಹಿಡಿದು, ಮೊಣಕಾಲೂರಿ ಹೆಗಲ ತನಕ ಇಳಿಸುವುದು. ಮಡಚಿದ್ದರಿಂದ ರಬ್ಬರು ಅರ್ಧ ಉದ್ದಕ್ಕಿಳಿದು ಬೇಗ ಬಿಗಿಯಾಗುತ್ತದೆ, ಹೀಗಾಗಿ ಇದನ್ನು 13 ಮಿಲಿಮೀಟರಿನದರಿಂದ ಶುರುಮಾಡಿ. ಮೂರನೆಯದಕ್ಕೆ ಬಾಗಿಲೇ ಬೇಡ. ತೆಳು ಲೂಪನ್ನು ಎದೆಯ ಮುಂದೆ ಹೆಗಲಗಲಕ್ಕೆ ಹಿಡಿದು ತೋಳು ನೆಟ್ಟಗಿಟ್ಟು ಎರಡೂ ಬದಿಗೆ ಬಿಡಿಸುವುದು, 15ರಿಂದ 20. ಬಸ್ಸಿಳಿದ ದಿನ ಬೇರೇನೂ ಮಾಡಲಾಗದಿದ್ದರೂ ಇದೊಂದನ್ನು ಮಾಡಿ, ಕತ್ತು ಹಗುರಾಗುತ್ತದೆ. ದೂಡುವ ಕೆಲಸಕ್ಕೆ ಬ್ಯಾಂಡ್ ಬೇಕಾಗಿಲ್ಲ, ಜಗಲಿಯ ಕಟ್ಟೆಗೆ ಕೈಯೂರಿ ದಂಡ ಹೊಡೆಯಬಹುದು. ಕಟ್ಟೆ ಎತ್ತರವಿದ್ದಷ್ಟೂ ಸುಲಭ. ನಾಲ್ಕನ್ನೂ ಸೇರಿಸಿ ಮೂರು ಸುತ್ತು, ಸುತ್ತಿನ ನಡುವೆ ಒಂದೂವರೆ ನಿಮಿಷ ಬಿಡುವು: ಇಪ್ಪತ್ತೈದು ನಿಮಿಷದೊಳಗೆ ಮುಗಿಯುತ್ತದೆ. ಒಂದು ದಿನ ಬಿಟ್ಟು ಒಂದು ದಿನ. ಹೊನ್ನಾವರದಲ್ಲಿ ಶರಾವತಿ ಹಿನ್ನೀರಿನಲ್ಲೋ ಕಾರವಾರದ ಕಾಳಿ ನದಿಯಲ್ಲೋ ಒಂದು ಗಂಟೆ ಕಯಾಕ್ ಹುಟ್ಟು ಹಾಕಿದ ದಿನ ಬ್ಯಾಂಡಿಗೆ ರಜೆ ಕೊಡಿ, ಆ ಎಳೆತವೇ ಸಾಕು.

ಹೊತ್ತಿನ ವಿಷಯ. ಕರಾವಳಿಯಲ್ಲಿ ಬಿಸಿಲಿಗಿಂತ ಸೆಖೆ ಹೆಚ್ಚು ಕಾಡುತ್ತದೆ. ಗಾಳಿಯಲ್ಲಿ ತೇವ ತುಂಬಿರುವುದರಿಂದ ಬೆವರು ಸುರಿಯುತ್ತದೆ, ಆರುವುದಿಲ್ಲ. ಆರದ ಬೆವರು ಮೈಯನ್ನು ತಂಪು ಮಾಡುವುದಿಲ್ಲ. ಬೆಳಗ್ಗೆ ಎಂಟರ ಒಳಗೆ ಮುಗಿಸಿದರೆ ಲೇಸು. ಮುಗಿದ ಮೇಲೆ ಬೊಂಡದ ನೀರೋ, ಉಪ್ಪು ಹಾಕಿದ ಮುರುಗಲು ಪಾನಕವೋ ಒಳ್ಳೆಯದು. ಬೆವರಿದ ಅಂಗೈಯಲ್ಲಿ ಲೂಪ್ ಜಾರುತ್ತದೆ, ಆದ್ದರಿಂದ ಹೆಗಲ ಮೇಲೊಂದು ಒಣ ಕೈವಸ್ತ್ರವಿರಲಿ. ಲೂಪಿನ ನಿಜವಾದ ಕೊರತೆಯೂ ಇದೇ: ಹಿಡಿಕೆಯಿಲ್ಲದ ತೆಳು ರಬ್ಬರು ಬೆರಳ ಬುಡವನ್ನು ಒತ್ತುತ್ತದೆ, ನಾಲ್ಕನೇ ದಿನಕ್ಕೆ ಕೆಂಪಾಗುತ್ತದೆ. ಹಿಡಿಯುವ ಜಾಗಕ್ಕೆ ಹತ್ತಿಬಟ್ಟೆಯ ತುಂಡು ಸುತ್ತಿಕೊಂಡರೆ ಒತ್ತುವುದಿಲ್ಲ, ಜಾರುವುದೂ ಕಡಿಮೆ.

ಬ್ಯಾಂಡನ್ನು ದಂಡೆಗೆ ಒಯ್ಯಬೇಡಿ ಎಂಬುದು ನಮ್ಮ ಖಚಿತ ಅಭಿಪ್ರಾಯ. ಸೂರ್ಯೋದಯದ ಹೊತ್ತಿಗೆ ಅಲೆಯ ಪಕ್ಕದಲ್ಲಿ ವ್ಯಾಯಾಮ ಮಾಡುವ ಆಸೆ ಸಹಜ, ಆದರೆ ರಬ್ಬರಿಗೆ ಅದಕ್ಕಿಂತ ಕೆಟ್ಟ ಜಾಗವಿಲ್ಲ. ಒದ್ದೆ ರಬ್ಬರಿಗೆ ಅಂಟಿದ ಉಸುಕಿನ ಕಾಳು ಪ್ರತಿ ಎಳೆತಕ್ಕೂ ಅದರ ಮೈಯನ್ನು ಕೊರೆಯುತ್ತದೆ. ಬ್ಯಾಂಡನ್ನು ಕಾಲ ಕೆಳಗೆ ಮೆಟ್ಟಿ ಮೇಲಕ್ಕೆ ಎಳೆಯುವ ವ್ಯಾಯಾಮವಾದರೆ ಅಂಗಾಲಿನ ಉಸುಕು ಅರೆದುಹಾಕುತ್ತದೆ, ಜೊತೆಗೆ ನೆಲ ಸಡಿಲವಿದ್ದು ಬ್ಯಾಂಡ್ ಹಿಮ್ಮಡಿಯ ಕೆಳಗಿಂದ ಚಿಮ್ಮಿ ಬರಬಹುದು. ಮೈಗೆ ಹಚ್ಚಿದ ಸನ್‌ಸ್ಕ್ರೀನ್ ಕ್ರೀಮು, ತಲೆಗೆ ಹಾಕಿದ ತೆಂಗಿನೆಣ್ಣೆ ಎರಡೂ ಕೈಯಿಂದ ರಬ್ಬರಿಗೆ ಹೋಗುತ್ತವೆ. ದಂಡೆಯಲ್ಲಿ ನಡೆಯಿರಿ, ಇಳಿತದ ಹೊತ್ತಿನಲ್ಲಿ ನೀರು ಹಿಂದೆ ಸರಿದ ಗಟ್ಟಿ ಉಸುಕಿನ ಮೇಲೆ ಮೊದಲು ಹತ್ತು ನಿಮಿಷ, ಆಮೇಲೆ ಐದು ನಿಮಿಷ ಒಣ ಉಸುಕಿನಲ್ಲಿ, ಮತ್ತೆ ಗಟ್ಟಿಗೆ. ರೂಢಿಯಿಲ್ಲದವರು ಮೊದಲ ದಿನವೇ ಒಣ ಉಸುಕಿನಲ್ಲಿ ಬರಿಗಾಲಲ್ಲಿ ಗಂಟೆಗಟ್ಟಲೆ ನಡೆದರೆ ಹಿಮ್ಮಡಿಯ ನರ ಹಿಡಿದು ಉಳಿದ ದಿನವೆಲ್ಲ ಕುಂಟಬೇಕಾಗುತ್ತದೆ.

ಕೈತೊಳೆದುಕೊಂಡು ಬ್ಯಾಂಡ್ ಹಿಡಿಯುವುದು ಮೊದಲ ನಿಯಮ. ಬಳಸಿದ ಮೇಲೆ ಬರಿ ಸಿಹಿನೀರಿನಲ್ಲಿ ತೊಳೆದು, ಬಟ್ಟೆಯಲ್ಲಿ ಒರೆಸಿ, ನೆರಳಿನಲ್ಲಿ ಆರಿಸಿ. ಒಗೆದ ಬಟ್ಟೆಯ ಜೊತೆ ತಂತಿಗೆ ಹಾಕಬೇಡಿ, ಬಿಸಿಲಿನ ಅತಿನೇರಳೆ ಕಿರಣಕ್ಕೆ ಲ್ಯಾಟೆಕ್ಸ್ ಬಿರುಸಾಗಿ ಒಡೆಯುತ್ತದೆ. ಯಾಣ ನೋಡಲು ಹೋದಾಗ ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಬಿಟ್ಟರೂ ಅದೇ ಗತಿ. ಪೂರ್ತಿ ಒಣಗಿದ ಮೇಲೆ ಚಿಟಿಕೆ ಟಾಲ್ಕಂ ಪೌಡರ್ ಸವರಿ ಬಟ್ಟೆಚೀಲದಲ್ಲಿ ಇಟ್ಟರೆ ಒಂದಕ್ಕೊಂದು ಅಂಟುವುದಿಲ್ಲ. ಒದ್ದೆಯಾದದ್ದನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಟ್ಟರೆ ಜಿಗುಟಾಗಿ ಹೋಗುತ್ತದೆ, ಬಾಗಿಲ ಪಟ್ಟಿಗೆ ಬೂಷ್ಟು ಹಿಡಿಯುತ್ತದೆ.

ಲ್ಯಾಟೆಕ್ಸಿನ ಅಲರ್ಜಿ ಇರುವವರು, ಬಲೂನು ಅಥವಾ ರಬ್ಬರ್ ಕೈಗವಸು ಮುಟ್ಟಿದರೆ ತುರಿಕೆ ಏಳುವವರು ಇದನ್ನು ಕೊಳ್ಳಬಾರದು. ಅವರಿಗೆ ಟಿಪಿಇ, ಅಂದರೆ ಲ್ಯಾಟೆಕ್ಸ್ ಇಲ್ಲದ, ರಬ್ಬರಿನಂತೆ ಹಿಗ್ಗುವ ಪ್ಲಾಸ್ಟಿಕ್ಕಿನ ಬ್ಯಾಂಡ್ ಸಿಗುತ್ತದೆ. ಹಿಗ್ಗುವಿಕೆ ತುಸು ಕಡಿಮೆ, ಎಳೆತದ ಕೆಲಸಕ್ಕೆ ಸಾಲುತ್ತದೆ. ಹೆಗಲಿನ ಕೀಲು ತಪ್ಪಿದ ಇತಿಹಾಸವಿದ್ದವರು ಮೇಲಿನಿಂದ ಇಳಿಸುವ ಎರಡನೇ ವ್ಯಾಯಾಮವನ್ನು ವೈದ್ಯರನ್ನು ಕೇಳದೆ ಮಾಡುವುದು ಬೇಡ.

ಪ್ರತಿ ಸಲ ಶುರುಮಾಡುವ ಮೊದಲು ಒಂದು ನಿಮಿಷ ತಪಾಸಣೆಗೆ ಕೊಡಿ. ಲೂಪನ್ನು ಕಿಟಕಿಯ ಬೆಳಕಿಗೆ ಹಿಡಿದು, ಗೇಣು ಗೇಣಾಗಿ ಸ್ವಲ್ಪ ಹಿಗ್ಗಿಸಿ ಸುತ್ತಲೂ ನೋಡುತ್ತ ಬನ್ನಿ. ಅಂಚಿನಲ್ಲಿ ಸೂಜಿಮೊನೆಯಷ್ಟು ಸೀಳಿದ್ದರೂ ಹಿಗ್ಗಿಸಿದಾಗ ಅದು ಎಲೆಯಾಕಾರಕ್ಕೆ ಬಾಯಿ ತೆರೆಯುತ್ತದೆ. ಜಿಗುಟು, ಬಿಳಿ ಗೆರೆ, ಎದ್ದ ಪದರ ಇವುಗಳಲ್ಲಿ ಯಾವುದು ಕಂಡರೂ ಆ ಬ್ಯಾಂಡಿನ ಕೆಲಸ ಮುಗಿಯಿತು. ಚೆನ್ನಾಗಿರುವುದನ್ನೂ ಮೂಲ ಉದ್ದದ ಎರಡೂವರೆ ಪಟ್ಟಿಗಿಂತ ಹೆಚ್ಚು ಎಳೆಯಬೇಡಿ. ಕೆಟ್ಟದ್ದನ್ನು ಹೋಮ್‌ಸ್ಟೇಯ ಗೂಟಕ್ಕೆ ನೇತುಹಾಕಿ ಬರಬೇಡಿ, ಮುಂದೆ ಬಂದವರ ಮಕ್ಕಳು ಎಳೆದು ಆಡುತ್ತಾರೆ. ಕತ್ತರಿಯಿಂದ ನಾಲ್ಕು ತುಂಡು ಮಾಡಿ ನಿಮ್ಮ ಚೀಲದಲ್ಲೇ ಊರಿಗೆ ಒಯ್ಯಿರಿ. ಹೊನ್ನಾವರದ ಕಾಸರಕೋಡು ದಂಡೆಗೆ ಆಲಿವ್ ರಿಡ್ಲೆ ಆಮೆಗಳು ಮೊಟ್ಟೆಯಿಡಲು ಬರುತ್ತವೆ, ರಬ್ಬರಿನ ಒಂದು ಚೂರೂ ಆ ಉಸುಕಿನಲ್ಲಿ ಉಳಿಯಬಾರದು.